ಕೂಲರಿನೊಳಗಿನ ಶಾಂತಿಲಾಲ್

ಚನ್ನಬಸಪ್ಪನವರ ಕುತ್ತಿಗೆಗೆ ಆ ಮೀನನ್ನು ಗಂಟುಹಾಕಿದವನು ನಾನೇ. ಹಾಗಾಗಿ ಅವರ ಕತೆ ಹೇಳುವ ಹೊಣೆಯೂ ನನ್ನದೇ ಎಂದು ಒಪ್ಪಿಕೊಂಡು ಬರೆಯುತ್ತಿದ್ದೇನೆ.

೨೦೦೩ರ ಆರಂಭದಲ್ಲಿ ಕೆಲಸ ಸಿಕ್ಕಿ ನಾನು ಅಹಮದಾಬಾದಿಗೆ ಹೋದಾಗ ಮಣಿನಗರದಲ್ಲಿ ಒಬ್ಬ ಕನ್ನಡದವರು ಕೋಣೆ ಹಂಚಿಕೊಳ್ಳಲು ಜನ ಹುಡುಕುತ್ತಿದ್ದಾರೆಂದು ಯಾರೋ ಹೇಳಿದರು. ಅವರೇ ರಾಣೇಬೆನ್ನೂರಿನ ಚನ್ನಬಸಪ್ಪ. ಆಗ ಅವರಿಗೆ ಮೂವತ್ತೈದು. ಮದುವೆ ಆಗಿರಲಿಲ್ಲ. ವಟವಾ ಕಡೆಯ ಒಂದು ಪಂಪ್ ಕಾರ್ಖಾನೆಯಲ್ಲಿ ಪರೀಕ್ಷಕರು. ತಯಾರಾಗಿ ಬಂದ ಪ್ರತಿ ಪಂಪನ್ನೂ ನೀರು ಕೊಟ್ಟು ಓಡಿಸಿ, ಅದರ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುವುದು ಅವರ ಕೆಲಸ. ಒಳಗಿನ ಸದ್ದು ಸರಿಯಿದ್ದರೆ "ನಡಿ" ಎನ್ನುತ್ತಿದ್ದರು. ಸರಿಯಿಲ್ಲದಿದ್ದರೆ "ಕೂಡು", ಅಂದರೆ ಇಲ್ಲೇ ಕೂತಿರು, ಎನ್ನುತ್ತಿದ್ದರು. ಎರಡನ್ನೂ ಪಂಪಿಗೇ ಹೇಳುತ್ತಿದ್ದರು, ಪಕ್ಕದಲ್ಲಿ ಬರೆದುಕೊಳ್ಳುವವನಿಗಲ್ಲ.

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದು ನೀತಿಯ ಮಾತಲ್ಲ, ದೇಹದ ಮಾತು. ಸುಳ್ಳು ಹೇಳಬೇಕಾದ ಜಾಗ ಬಂತೆಂದರೆ ಅವರಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ ಬಾಯಿಯಿಂದ ನಿಜವೇ ಹೊರಬೀಳುತ್ತಿತ್ತು.

ಈ ಗುಣದಿಂದಲೇ ಅವರಿಗೆ ಮಣಿನಗರದ ಆ ಮನೆ ಸಿಕ್ಕಿದ್ದು. ಮನೆಯ ಒಡತಿ ಇಂದುಮತಿಬೇನ್. ಗಂಡ ತೀರಿಕೊಂಡಿದ್ದರು. ಕೆಳಗಿನ ಮನೆಯಲ್ಲಿ ತಾವೊಬ್ಬರೇ ಇದ್ದು, ಮೇಲಿನದನ್ನು ಬಾಡಿಗೆಗೆ ಕೊಡುತ್ತಿದ್ದರು. ಜೈನರು, ಬಹಳ ಕಟ್ಟುನಿಟ್ಟು. ಬಾಡಿಗೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಮಾಂಸ? ಮೊಟ್ಟೆ? ಈರುಳ್ಳಿ, ಬೆಳ್ಳುಳ್ಳಿ? ಮೊದಲು ಬಂದ ಏಳು ಜನರೂ ಎಲ್ಲಕ್ಕೂ "ಇಲ್ಲ, ಇಲ್ಲ" ಎಂದಿದ್ದರಂತೆ. ಚನ್ನಬಸಪ್ಪನವರು ಮಾಂಸಕ್ಕೂ ಮೊಟ್ಟೆಗೂ ಇಲ್ಲವೆಂದು, ಈರುಳ್ಳಿಯ ಹತ್ತಿರ ಬರುತ್ತಲೇ ಮೂರು ಸಲ ಕೆಮ್ಮಿ, "ದಿನಾ ಎರಡು ತಿಂತೀನ್ರಿ, ರೊಟ್ಟಿ ಜೋಡಿ" ಎಂದರು. ಇಂದುಮತಿಬೇನ್ ಬಹಳ ಹೊತ್ತು ಅವರ ಮುಖ ನೋಡಿ ಕೀಲಿಕೈ ಕೊಟ್ಟರು. ಒಂದೇ ಷರತ್ತು: ಈರುಳ್ಳಿಯನ್ನು ಹಸಿಯಾಗಿ ತಿನ್ನಬಹುದು, ಒಗ್ಗರಣೆಗೆ ಹಾಕಕೂಡದು. ನಾನು ಸೇರುವ ಹೊತ್ತಿಗೆ ಅವರು ಆರು ವರ್ಷದಿಂದ ಹಸಿ ಈರುಳ್ಳಿಯಲ್ಲೇ ಸಂಸಾರ ನಡೆಸುತ್ತಿದ್ದರು.

ಇಂದುಮತಿಬೇನ್ ಆಡುತ್ತಿದ್ದುದು ಗುಜರಾತಿ. ಚನ್ನಬಸಪ್ಪನವರು ಉತ್ತರ ಕೊಡುತ್ತಿದ್ದುದು ರಾಣೇಬೆನ್ನೂರಿನ ಮಣ್ಣು ಮೆತ್ತಿಕೊಂಡ ಹಿಂದಿ. ಇಬ್ಬರದ್ದನ್ನೂ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆಕೆಗೆ "ಚನ್ನಬಸಪ್ಪ" ಎಂಬ ಹೆಸರು ಬಾಯಲ್ಲಿ ನಿಲ್ಲಲಿಲ್ಲ. ಮೊದಲ ಎರಡಕ್ಷರ ಹಿಡಿದು "ಚಣಾಭಾಯ್" ಎಂದರು. ಚಣಾ ಎಂದರೆ ಅಲ್ಲಿ ಕಡಲೆ. ಇಡೀ ಓಣಿಗೆ ಅವರು ಕಡಲೆಯಣ್ಣ ಆದರು. ಅವರಿಗೇನೂ ಬೇಸರವಿರಲಿಲ್ಲ. "ಕಡ್ಲಿ ಛಲೋ ಧಾನ್ಯ" ಎನ್ನುತ್ತಿದ್ದರು.

ಈಗ ಮೀನು. ನನಗೆ ಆಗ ಮನೆಯಲ್ಲಿ ಗಾಜಿನ ತೊಟ್ಟಿ ಇಡುವ ಹುಚ್ಚು ಹತ್ತಿತ್ತು. ಕಾಂಕರಿಯಾ ಕೆರೆಯ ಹತ್ತಿರದ ಅಂಗಡಿಯಿಂದ ಒಂದು ತೊಟ್ಟಿ, ಐದು ಬಂಗಾರದ ಬಣ್ಣದ ಮೀನು ತಂದೆ. ಇಂದುಮತಿಬೇನರ ಕಣ್ಣು ತಪ್ಪಿಸಲು ಮೀನುಗಳನ್ನು ಊಟದ ಡಬ್ಬಿಯಲ್ಲಿ ತಂದದ್ದು. ಎರಡೇ ತಿಂಗಳಲ್ಲಿ ಐದೂ ಸತ್ತವು. ತೊಟ್ಟಿಯ ಗಾಜಿಗೆ ಪಾಚಿ ಕಟ್ಟಿತು. ಅಂಗಡಿಯವನು "ಸಫಾಯಿ ಮಾಡೋದಕ್ಕೆ ಇದನ್ನು ಬಿಡಿ" ಎಂದು ಒಂದು ವಿಚಿತ್ರ ಪ್ರಾಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟ.

ಬೆರಳುದ್ದದ ಮೀನು. ಮೈತುಂಬ ಮೂಳೆಯ ಬಿಲ್ಲೆಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಕವಚ. ಅಗಲ ತಲೆ, ಸಪೂರ ಬಾಲ, ಮೂಲೆಯಲ್ಲಿ ಎರಡು ಸಂಶಯದ ಕಣ್ಣು. ಬಾಯಿ ಮುಂದಕ್ಕಿಲ್ಲ, ಹೊಟ್ಟೆಯ ಕಡೆಗಿದೆ. ರಬ್ಬರ್ ಬಿಲ್ಲೆಯ ಹಾಗೆ ಅದನ್ನು ಗಾಜಿಗೆ ಒತ್ತಿಕೊಂಡು ನಿಂತಿತೆಂದರೆ ಮುಗಿಯಿತು, ಹಗಲೆಲ್ಲ ಅಲ್ಲಾಡುವುದಿಲ್ಲ. ಚನ್ನಬಸಪ್ಪನವರು ಮೂರು ದಿನ ಅದನ್ನು ನೋಡಿ, ನಾಲ್ಕನೆಯ ದಿನ ಸ್ಕ್ರೂಡ್ರೈವರ್ ತಂದು ಗಾಜಿಗೆ ಆನಿಸಿ ಕಿವಿಗೊಟ್ಟರು.

"ಏನಾದರೂ ಕೇಳಿಸ್ತಾ ಅಣ್ಣಾ?" ಎಂದೆ.

"ಸಣ್ಣಗ ಉಜ್ಜಿದಂಗ ಕೇಳಸ್ತೈತಿ. ನಡೀತೈತಿ ಇದು," ಎಂದರು.

೨೦೦೪ರ ಜನವರಿಯಲ್ಲಿ ನನಗೆ ವಡೋದರಾದಲ್ಲಿ, ಅಲ್ಕಾಪುರಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹೊಸ ಕೋಣೆಯಲ್ಲಿ ನನಗೇ ಜಾಗವಿರಲಿಲ್ಲ. "ಅಣ್ಣಾ, ಎರಡೇ ವಾರ, ಆಮೇಲೆ ಬಂದು ತಗೊಂಡು ಹೋಗ್ತೀನಿ" ಎಂದು ಮೀನನ್ನು ಅವರಿಗೆ ಒಪ್ಪಿಸಿ ಹೋದೆ. ಸುಳ್ಳು ಹೇಳುವಾಗ ನನಗೆ ಕೆಮ್ಮು ಬರುವುದಿಲ್ಲ.

ಫೆಬ್ರವರಿಯಲ್ಲಿ ಇಂದುಮತಿಬೇನ್ ಮಹಡಿಯ ನೀರಿನ ಟಾಂಕಿ ತೊಳೆಸುವ ದಿನ ಹೇಳಲು ಮೇಲೆ ಹೋದರು. ಬಾಗಿಲು ತೆರೆದಿತ್ತು. ಕಿಟಕಿಯ ಹತ್ತಿರ ತೊಟ್ಟಿ.

"ಚಣಾಭಾಯ್, ಏನಿದು?"

ಚನ್ನಬಸಪ್ಪನವರು ಕೆಮ್ಮಿದರು. ನೀರು ಕುಡಿದು ಮತ್ತೆ ಕೆಮ್ಮಿದರು. "ಮೀನ್ರಿ," ಎಂದರು.

ಇಂದುಮತಿಬೇನ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಹಾಯ್ ಹಾಯ್! ನನ್ನ ಮನೆಯಲ್ಲಿ ಮಾಛಲಿ!"

"ತಿನ್ನಾಕ ತಂದಿದ್ದಲ್ರೀ ಬೇನ್. ಸುಮ್ನ ಐತಿ."

"ಇವತ್ತು ಸುಮ್ಮನೆ ಇರುತ್ತದೆ. ನಾಳೆ ನಿನಗೆ ಹಸಿವಾದರೆ?"

"ಏ, ಇಷ್ಟ ಸಣ್ಣದ್ರಿ. ಮೈಯೆಲ್ಲಾ ಕಬ್ಬಿಣದಂಗ ಐತಿ. ಹಲ್ಲು ಮುರೀತಾವು."

"ಅಂದರೆ ದೊಡ್ಡದಾಗಿ ಮೆತ್ತಗಿದ್ದಿದ್ದರೆ ತಿನ್ನುತ್ತಿದ್ದೆ!"

ಚನ್ನಬಸಪ್ಪನವರು ಇದನ್ನು ನಿಜವಾಗಿ ಯೋಚಿಸಿ ನೋಡಿ, "ಇಲ್ರಿ, ಮೀನಿನ ಅಡಿಗಿ ಮಾಡಾಕ ಬರಂಗಿಲ್ಲ" ಎಂದರು. ಮಾತು ಇನ್ನೂ ಕೆಟ್ಟಿತು.

ಕಾಂಕರಿಯಾ ಕೆರೆಗೆ ಬಿಟ್ಟು ಬಾ ಎಂದು ಆಕೆಯ ಆಜ್ಞೆ. ಇವರು ಅಂಗಡಿಯವನು ಹೇಳಿದ್ದನ್ನೇ ಹೇಳಿದರು. ಇದು ಸಮುದ್ರದಾಚೆಯ ಬೆಟ್ಟಗಳಲ್ಲಿ, ಧುಮುಕಿ ಹರಿಯುವ ತೊರೆಯ ಕಲ್ಲಿಗೆ ಬಾಯಿ ಕಚ್ಚಿಕೊಂಡು ಬದುಕುವ ಜಾತಿ. ನಿಂತ ಕೆರೆಗೆ ಬಿಟ್ಟರೆ ಸಾಯುತ್ತದೆ. ಸಾಯುತ್ತದೆ ಎಂದ ಕೂಡಲೇ ಇಂದುಮತಿಬೇನ್ ಕೆರೆಯ ಮಾತು ಬಿಟ್ಟರು. ಇರುವೆಗಳಿಗೆ ದಾರಿ ಬಿಟ್ಟು ಅಂಗಳ ಗುಡಿಸುವ ಹೆಂಗಸು. "ಅದಾದರೂ ಏನು ತಿನ್ನುತ್ತದೆ? ಹುಳವೇ?" ಎಂದರು.

"ಪಾಚಿ ತಿಂತೈತ್ರಿ. ಸವತೀಕಾಯಿ ತಿಂತೈತಿ."

"ಮೀನು ಸೌತೆಕಾಯಿ ತಿನ್ನುವುದೇ? ನನಗೆ ಹೇಳುತ್ತೀಯಾ?"

"ಕೆಮ್ಮು ಬಂತೇನ್ರೀ ನನಗ?" ಎಂದರು ಚನ್ನಬಸಪ್ಪನವರು.

ಆಕೆ ಕೆಳಗೆ ಹೋಗಿ ದೂಧಿಯ, ಅಂದರೆ ಸೋರೆಕಾಯಿಯ, ಒಂದು ಬಿಲ್ಲೆ ಕೊಯ್ದು ತಂದರು. ಅದಕ್ಕೊಂದು ಸ್ಟೀಲ್ ಚಮಚ ಚುಚ್ಚಿ ನೀರಿನ ತಳಕ್ಕೆ ಇಳಿಸಿ, ಮುಂದೆ ಕುರ್ಚಿ ಹಾಕಿ ಕುಳಿತರು. ಒಂದು ಗಂಟೆ. ಎರಡು ಗಂಟೆ. ಮೀನು ಗಾಜಿಗೆ ಅಂಟಿಕೊಂಡೇ ಇತ್ತು. "ಉಪವಾಸವೋ ಏನೋ" ಎಂದು ಎದ್ದು ಹೋದರು. ಬೆಳಗ್ಗೆ ಬಂದು ನೋಡಿದರೆ ಸೋರೆಕಾಯಿಯ ಸಿಪ್ಪೆಯೊಂದು ಬಳೆಯ ಹಾಗೆ ಉಳಿದಿತ್ತು, ತಿರುಳು ಪೂರ್ತಿ ಮಾಯ.

ಇಂದುಮತಿಬೇನರ ಮುಖ ಅರಳಿತು. ಮರುಕ್ಷಣವೇ ಬಾಡಿತು. "ಯಾವಾಗ ತಿಂದಿತು?"

"ಕತ್ತಲಾದ ಮ್ಯಾಲರಿ. ಇದು ಹಗಲು ತಿನ್ನಂಗಿಲ್ಲ."

ಸೂರ್ಯ ಮುಳುಗಿದ ಮೇಲೆ ಆಕೆ ಗುಟುಕು ನೀರನ್ನೂ ಕುಡಿಯುವವರಲ್ಲ. ತಮ್ಮ ಮನೆಯಲ್ಲಿ, ತಾವೇ ಕೊಟ್ಟ ಸೋರೆಕಾಯಿಯನ್ನು ಒಂದು ಜೀವ ರಾತ್ರಿ ತಿಂದಿತು ಎಂಬುದು ಆಕೆಗೆ ಅರಗಲಿಲ್ಲ. ಸಸ್ಯಾಹಾರಿ ನಿಜ, ಆದರೆ ಶಿಸ್ತಿಲ್ಲ. "ಇದಕ್ಕೆ ಏನಾದರೂ ಮಾಡು ಚಣಾಭಾಯ್," ಎಂದರು. ಮನೆ ಖಾಲಿ ಮಾಡು ಎನ್ನಲಿಲ್ಲ. ಮೀನನ್ನು ತಿದ್ದು ಎಂದರು.

ಚನ್ನಬಸಪ್ಪನವರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಊರಿನಿಂದ ತಂದಿದ್ದ ಕರಿ ಕಂಬಳಿಯನ್ನು ತೊಟ್ಟಿಯ ಮೇಲೆ ನೆಲಮುಟ್ಟ ಹೊದಿಸಿದರು. ಬೆಳಕು ನುಸುಳುವ ಕಡೆಗೆಲ್ಲ ಬಟ್ಟೆ ತುರುಕಿದರು. ಆಮೇಲೆ ಇಬ್ಬರೂ ಕಂಬಳಿಯ ಮುಂದೆ, ಯಾರದೋ ಹೆರಿಗೆಗೆ ಕಾದವರ ಹಾಗೆ, ಕುಳಿತರು. ನಾಲ್ಕೂ ಇಪ್ಪತ್ತಕ್ಕೆ ಒಳಗೆ ಚಮಚ ಗಾಜಿಗೆ ತಾಗಿ ಟಣ್ ಎಂದಿತು.

"ತಿಂತಿದೆ!" ಎಂದು ಇಂದುಮತಿಬೇನ್ ಪಿಸುಗುಟ್ಟಿದರು. "ಹೊರಗೆ ಇನ್ನೂ ಬಿಸಿಲಿದೆ!"

ಅಂದಿನಿಂದ ಕಂಬಳಿ ದಿನಚರಿಯಾಯಿತು. ಚನ್ನಬಸಪ್ಪನವರು ಕೆಲಸಕ್ಕೆ ಹೋದ ದಿನ ಆಕೆಯೇ ಮೇಲೆ ಹೋಗಿ ಹೊದಿಸುತ್ತಿದ್ದರು. ಸೌತೆಕಾಯಿ, ಸೋರೆಕಾಯಿ, ಬಟಾಣಿ. ಆಲೂಗಡ್ಡೆ, ಗಜ್ಜರಿ ನೆಲದಡಿ ಬೆಳೆಯುವವು ಎಂದು ನಿಷಿದ್ಧ. ಹೆಸರೂ ಇಟ್ಟರು: ಶಾಂತಿಲಾಲ್. ಒಂದು ಶನಿವಾರ ನಾನು ವಡೋದರಾದಿಂದ ಬಂದವನು "ಅಂಗಡಿಯವನನ್ನ ಕೇಳಿದೆ, ಇದು ಹೆಣ್ಣಿರಬಹುದಂತೆ" ಎಂದೆ. "ನಮ್ಮ ಶಾಂತಿಲಾಲನ ವಿಷಯ ಅಂಗಡಿಯವನಿಗೇನು ಗೊತ್ತು?" ಎಂದು ಆಕೆ ನನಗೆ ಆ ದಿನ ಚಹಾ ಕೊಡಲಿಲ್ಲ.

ಮೇ ಬಂತು. ಆ ವರ್ಷ ಅಹಮದಾಬಾದು ನಲವತ್ತಮೂರು ಡಿಗ್ರಿಯಲ್ಲಿ ಕೂತುಬಿಟ್ಟಿತು. ಮೇಲಿನ ಮನೆ ಎಂದರೆ ತಾರಸಿಯ ಕೆಳಗಿನ ಕಾದ ಹೆಂಚು. ಚನ್ನಬಸಪ್ಪನವರು ಒದ್ದೆ ಬನಿಯನ್ ಹಾಕಿಕೊಂಡು ಮಲಗುತ್ತಿದ್ದರು. ಅವರಿಗೆ ಅಭ್ಯಾಸವಿತ್ತು. ಶಾಂತಿಲಾಲನಿಗೆ ಇರಲಿಲ್ಲ. ಒಂದು ಬೆಳಗ್ಗೆ ಅದು ಗಾಜು ಬಿಟ್ಟು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಚನ್ನಬಸಪ್ಪನವರು ಥರ್ಮಾಮೀಟರ್ ಅದ್ದಿದರು: ಮೂವತ್ತನಾಲ್ಕು.

ಏಳು ವರ್ಷದಲ್ಲಿ ಅವರು ಮೊದಲ ಬಾರಿಗೆ ಕಾರ್ಖಾನೆಗೆ ರಜೆ ಹಾಕಿದರು. ಕಾರಣ ಏನು ಎಂದು ಮೇಲಧಿಕಾರಿ ಫೋನಿನಲ್ಲಿ ಕೇಳಿದ. ಕೆಮ್ಮಿ ಕೆಮ್ಮಿ, "ಮನ್ಯಾಗ ಶಾಂತಿಲಾಲಗ ಹುಷಾರಿಲ್ಲ" ಎಂದರು. ಯಾರೋ ಹಿರಿಯರಿರಬೇಕು ಎಂದು ಆತ ಎರಡು ದಿನ ಕೊಟ್ಟ.

ಅಂಗಡಿಯವನಿಗೆ ಮರುಕವೇನೂ ಇರಲಿಲ್ಲ. "ಇದಕ್ಕೆ ತಣ್ಣಗಿನ, ಓಡುವ ನೀರು ಬೇಕು. ಅಹಮದಾಬಾದಿನ ಮೇ ತಿಂಗಳಲ್ಲಿ ಎಲ್ಲಿಂದ ತರುತ್ತೀರಿ? ಹೋದರೆ ಹೋಗಲಿ, ಬೇರೆ ಒಯ್ಯಿರಿ" ಎಂದ. ಚನ್ನಬಸಪ್ಪನವರು ಸೀದಾ ಮನೆಗೆ ಬಂದರು. ಆಮೇಲೆ ನನಗೆ ಹೇಳಿದರು: "ಆಕಾಶ್, ಬ್ಯಾರೆ ಒಯ್ಯಿ ಅಂತಾನ ಅವ. ಅದೇನು ವಾಷರ್ರಾ?"

ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಬಾಗಿಲಿನಿಂದ ತಂಪು ಗಾಳಿ ಅವರ ಕಾಲಿಗೆ ಬಡಿಯಿತು. ಇಂದುಮತಿಬೇನರ ಕೂಲರ್. ಆಳೆತ್ತರದ್ದು, ಫೈಬರ್ ಮೈಯದ್ದು, ಅಂಗಳದ ಕಡೆಯಿಂದ ಹಾಲಿನ ಕಿಟಕಿಗೆ ಕೂರಿಸಿದ್ದು. ಕೆಳಗೆ ಅಗಲವಾದ ನೀರಿನ ತಟ್ಟೆ. ಒಂದು ಸಣ್ಣ ಪಂಪು ಆ ನೀರನ್ನು ಮೇಲಕ್ಕೆ ಏರಿಸುತ್ತದೆ. ಅದು ಮೂರು ಬದಿಯ ಹುಲ್ಲಿನ ಪ್ಯಾಡುಗಳ ಮೇಲೆ ಹರಿದು ಮತ್ತೆ ತಟ್ಟೆಗೆ ಬೀಳುತ್ತದೆ. ಫ್ಯಾನು ಆ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆಯುತ್ತದೆ. ಚನ್ನಬಸಪ್ಪನವರು ಹೊರಗಿನ ಬದಿಯಿಂದ ಕೈ ಹಾಕಿ ನೀರು ಮುಟ್ಟಿದರು. ಓಡಿಹೋಗಿ ಥರ್ಮಾಮೀಟರ್ ತಂದರು. ಇಪ್ಪತ್ತೈದು.

"ಬೇನ್," ಎಂದರು, ಬಾಗಿಲಲ್ಲಿ ನಿಂತು. "ಶಾಂತಿಲಾಲ್ ನಿಮ್ಮ ಕೂಲರ್‌ನ್ಯಾಗ ಇರಲೇನ್ರಿ?"

ಇಂದುಮತಿಬೇನ್ ಹಲಗೆಯ ಮೇಲೆ ಖಾಖರಾ ಎಂಬ ಗರಿಗರಿ ತೆಳುರೊಟ್ಟಿ ಲಟ್ಟಿಸುತ್ತಿದ್ದರು. ಲಟ್ಟಣಿಗೆ ನಿಂತಿತು. "ಕೂಲರಿನಲ್ಲೇ? ಆ ಗಾಳಿ ನನ್ನ ಮೇಲೆ ಬರುತ್ತದೆ. ನನ್ನ ದೇವರ ಕೋಣೆಗೂ ಹೋಗುತ್ತದೆ. ಮೀನು ಮುಟ್ಟಿದ ನೀರು, ಆ ನೀರು ಮುಟ್ಟಿದ ಗಾಳಿ!"

"ಇಲ್ಲಾಂದ್ರ ನಾಳಿಗೆ ಇರಂಗಿಲ್ರಿ ಅದು."

ಆಕೆ ಎದ್ದು ದೇವರ ಕೋಣೆಗೆ ಹೋದರು. ಹತ್ತು ನಿಮಿಷ ಬರಲಿಲ್ಲ. ಬಂದವರೇ ತೀರ್ಪು ಕೊಟ್ಟರು. "ಆಲೂಗಡ್ಡೆ ತಿಂದವನಲ್ಲ. ಮೂರು ತಿಂಗಳಿಂದ ಸೂರ್ಯ ಮುಳುಗುವ ಮೊದಲೇ ಊಟ. ನನ್ನ ಅಳಿಯನಿಗೂ ಇಷ್ಟು ನಿಯಮವಿಲ್ಲ. ಗಾಳಿಗೇನೂ ದೋಷವಿಲ್ಲ, ತಾ."

ಅಂದು ಸಂಜೆಯೊಳಗೆ ಶಾಂತಿಲಾಲ್ ಕೂಲರಿಗೆ ಬಂತು. ಚನ್ನಬಸಪ್ಪನವರು ತಟ್ಟೆಯ ತುಂಬ ನುಣುಪು ಕಲ್ಲು ಜೋಡಿಸಿದರು. ಪಂಪು ನೀರೆಳೆಯುವ ಬಾಯಿಗೆ ಚಹಾ ಸೋಸುವ ಜಾಲರಿ ಬಿಗಿದರು. ಇಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಅವರು ಕೂಲರಿನ ಪಂಪಿಗೆ ಸ್ಕ್ರೂಡ್ರೈವರ್ ಆನಿಸಿ ಕೇಳಿ, ಮುಖ ಸಿಂಡರಿಸಿ, "ಇದೇನು ಪಂಪ್ರೀ, ನೆಗಡಿ ಬಂದಂಗ ಐತಿ" ಎಂದರು. ಮರುದಿನ ಕಾರ್ಖಾನೆಯಲ್ಲಿ ಕೇಳಿ ಒಂದು ಹಳೆಯ ಪರೀಕ್ಷೆಯ ಪಂಪು ತಂದು ಕೂರಿಸಿದರು.

ಗುಂಡಿ ಒತ್ತಿದರು. ಕೂಲರಿನೊಳಗೆ ಹೊಳೆ ಬಂದಂತಾಯಿತು. ಹುಲ್ಲಿನ ಮೇಲಿಂದ ನೀರು ಧೋ ಎಂದು ಇಳಿಯಿತು, ಕಲ್ಲುಗಳ ನಡುವೆ ಸುಳಿ ತಿರುಗಿತು. ಮೂಲೆಯಲ್ಲಿ ಮಂಕಾಗಿ ಬಿದ್ದಿದ್ದ ಶಾಂತಿಲಾಲ್ ಒಮ್ಮೆ ಬಾಲ ಬಡಿಯಿತು. ಮುಂದಿನ ಕಲ್ಲಿಗೆ ಬಾಯಿ ಒತ್ತಿತು. ನೀರು ಎದುರಿನಿಂದ ಬಡಿಯುತ್ತಿದ್ದರೂ ಬಿಟ್ಟು, ಹಿಡಿದು, ಬಿಟ್ಟು, ಹಿಡಿದು ಕಲ್ಲಿನ ನೆತ್ತಿ ಹತ್ತಿ, ನೀರು ಎಲ್ಲಕ್ಕಿಂತ ಜೋರಾಗಿ ಬೀಳುವ ಜಾಗದಲ್ಲಿ ರೆಕ್ಕೆ ಅಗಲಿಸಿ ನಿಂತಿತು. ಅದು ಹಗಲಿನಲ್ಲಿ ಅಷ್ಟು ಓಡಾಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಚನ್ನಬಸಪ್ಪನವರು ಹೊರಗೆ ಮಂಡಿಯೂರಿ ಕುಳಿತು, "ನಡಿ! ನಡಿ!" ಎಂದು ಜೋರಾಗಿ ನಕ್ಕರಂತೆ. ಅವರು ನಗುವುದನ್ನು ಅಂದೇ ಮೊದಲು ಕೇಳಿದೆ ಎಂದು ಇಂದುಮತಿಬೇನ್ ನನಗೆ ಹೇಳಿದರು. "ನಗು ಕೂಡ ಪಂಪಿನ ಹಾಗೇ ಇದೆ. ಶುರುವಾಗೋದಕ್ಕೆ ಹೊತ್ತು ಬೇಕು."

ತೊಂದರೆ ಇದ್ದದ್ದು ಈಚೆ ಬದಿಯಲ್ಲಿ. ದೊಡ್ಡ ಪಂಪಿನ ನೀರು ಫ್ಯಾನಿಗೂ ಸಿಡಿದು, ಗಾಳಿಯ ಜತೆ ಹಾಲಿಗೆ ತುಂತುರು ಮಳೆ ಬರತೊಡಗಿತು. ಖಾಖರಾ ಮೆತ್ತಗಾದವು. ಗೋಡೆಯ ಕ್ಯಾಲೆಂಡರಿನ ಜೂನ್, ಜುಲೈ ಅಂಟಿಕೊಂಡವು. ಇಂದುಮತಿಬೇನ್ ಟಿವಿಗೆ ಪ್ಲಾಸ್ಟಿಕ್ ಹೊದಿಸಿ, ತಾವು ರೇನ್‌ಕೋಟ್ ಹಾಕಿಕೊಂಡು ಧಾರಾವಾಹಿ ನೋಡಿದರು. ದೂರು ಹೇಳಲಿಲ್ಲ. ಬಂದವರು ಕೇಳಿದರೆ "ಶಾಂತಿಲಾಲನಿಗೆ ಹೀಗೇ ಬೇಕು" ಎನ್ನುತ್ತಿದ್ದರು.

ಇಂಥ ಪರಿಸ್ಥಿತಿಯಲ್ಲಿ ಚನ್ನಬಸಪ್ಪನವರನ್ನು ನೋಡಲು ಹೆಣ್ಣಿನ ಕಡೆಯವರು ಬರುವುದು ನಿಶ್ಚಯವಾಯಿತು. ಸೂರತ್ತಿನಲ್ಲಿ ಇಪ್ಪತ್ತೈದು ವರ್ಷದಿಂದ ನೆಲೆಸಿದ್ದ ಗದಗಿನ ಮಹಾರುದ್ರಪ್ಪನವರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಮಗಳು ಕೃಪಾ, ಇಪ್ಪತ್ತೊಂಬತ್ತು. ಸೂರತ್ತಿನ ವರಾಛಾದ ಒಂದು ವಜ್ರದ ಕಾರ್ಖಾನೆಯಲ್ಲಿ, ಹರಳನ್ನು ಎಲ್ಲಿ ಕತ್ತರಿಸಬೇಕೆಂದು ಕಂಪ್ಯೂಟರಿನಲ್ಲಿ ನೋಡಿ ಗೆರೆ ಹಾಕುವ ಕೆಲಸ. ರಾಣೇಬೆನ್ನೂರಿನಿಂದ ಯಾರೂ ಬರಲಾಗಲಿಲ್ಲ. ಗಂಡಿನ ಕಡೆಯವನಾಗಿ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಡೋದರಾದಿಂದ ಬಂದೆ. ಮೇಲಿನ ಮನೆ ಬಾಣಲೆಯಂತಿದ್ದುದರಿಂದ ಇಂದುಮತಿಬೇನ್ ತಮ್ಮ ಹಾಲಿನಲ್ಲೇ ಎಲ್ಲರನ್ನೂ ಕೂರಿಸಿದರು.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮಹಾರುದ್ರಪ್ಪನವರು ಕೂಲರಿನ ಎದುರಿಗೇ ಕುಳಿತು, "ಏನು ತಂಪು ಐತ್ರೀ ಇಲ್ಲಿ" ಎಂದು ಕಣ್ಣು ಮುಚ್ಚಿದರು. ಕನ್ನಡಕದ ಮೇಲೆ ಹನಿಗಳು ಕೂತವು. ಒರೆಸಿಕೊಂಡರು. ಮತ್ತೆ ಕೂತವು. ಕೃಪಾ ತಲೆತಗ್ಗಿಸಿ ಕೂರುವ ಪೈಕಿ ಅಲ್ಲ. ಕೋಣೆಯನ್ನೆಲ್ಲ, ಟಿವಿಯ ಪ್ಲಾಸ್ಟಿಕ್ಕನ್ನೂ ಬಿಡದೆ, ಒಂದೊಂದೇ ನೋಡುತ್ತಿದ್ದಳು. ಚನ್ನಬಸಪ್ಪನವರು ಹೊಸ ಪ್ಯಾಂಟಿನಲ್ಲಿ ನೆಟ್ಟಗೆ ಕುಳಿತಿದ್ದರು.

"ಮತ್ತ, ಕೆಲಸ ಹೆಂಗ ನಡದೈತ್ರಿ?" ಎಂದು ಮಹಾರುದ್ರಪ್ಪನವರು ಶುರುಮಾಡಿದರು.

ಟಪ್ ಎಂದು ಸದ್ದಾಯಿತು. ಫ್ಯಾನು ನಿಂತಿತು. ಟ್ಯೂಬ್‌ಲೈಟ್ ಆರಿತು. ದೊಡ್ಡ ಪಂಪಿನ ಹೊರೆ ತಾಳಲಾರದೆ ಫ್ಯೂಸ್ ಹೋಗಿತ್ತು. ಕೂಲರಿನೊಳಗಿನ ಹೊಳೆ ತೊಟ್ಟಿಕ್ಕಿ, ತೊಟ್ಟಿಕ್ಕಿ ನಿಂತಿತು.

ಚನ್ನಬಸಪ್ಪನವರು ಎದ್ದರು. "ಆಕಾಶ್, ಫ್ಯೂಸ್ ವೈರ್!" ಎಂದು ಕೂಗಿ, ಮಹಾರುದ್ರಪ್ಪನವರ ಮುಂದೆಯೇ ಹಾದು ಹೊರಗೋಡಿದರು. ಅಂಗಳದ ಕಡೆಯಿಂದ ಕೂಲರಿನ ಪಕ್ಕದ ಬಾಗಿಲು ತೆಗೆದ ಸದ್ದು, ಬಕೆಟಿನ ಸದ್ದು.

ಭಾನುವಾರ ಮಧ್ಯಾಹ್ನ ಮಣಿನಗರದಲ್ಲಿ ಫ್ಯೂಸ್ ವೈರ್ ಹುಡುಕಿಕೊಂಡು ಹೋದವನಿಗೆ ಮಾತ್ರ ಗೊತ್ತು ಆ ಕಷ್ಟ. ಅಂಗಡಿಗಳೆಲ್ಲ ಶಟರ್ ಎಳೆದು ಮಲಗಿದ್ದವು. ಸ್ಟೇಷನ್ನಿನ ಆಚೆ ಬದಿಯವರೆಗೂ ಅಲೆದೆ. ಹಿಂದಿರುಗಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯಲ್ಲಿ ನಡೆದದ್ದನ್ನು ಇಂದುಮತಿಬೇನ್ ನನಗೆ ಮೂರು ಸಲ ಹೇಳಿದ್ದಾರೆ.

ಚನ್ನಬಸಪ್ಪನವರು ಕೂಲರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಟ್ಟೆಯ ನೀರನ್ನು ಚೊಂಬಿನಲ್ಲಿ ಮೊಗೆದು, ಕೈ ಎತ್ತಿ ಹುಲ್ಲಿನ ಮೇಲೆ ಸುರಿಯುತ್ತಿದ್ದರು. ಮೊಗೆದು, ಎತ್ತಿ, ಸುರಿದು. ಹೊಸ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಮಹಾರುದ್ರಪ್ಪನವರು ಕುರ್ಚಿಯನ್ನು ಹೊರಗೆ ತರಿಸಿಕೊಂಡು ನೆರಳಿನಲ್ಲಿ ಕುಳಿತರು. ಸೂರತ್ತಿನಿಂದ ಬಂದದ್ದು ಪ್ರಶ್ನೆ ಕೇಳಲು. ಕೇಳದೆ ಹೋಗುವವರಲ್ಲ.

"ಕೂಲರ್ ಕೆಟ್ಟರ ಕೆಡ್ಲಿ ಬಿಡ್ರಿ. ನೀವ್ಯಾಕ ನೀರು ಹೊಡೀತೀರಿ?"

"ನೀರು ನಿಂತ್ರ ಉಸಿರು ಕಟ್ಟತೈತ್ರಿ."

"ಯಾರಿಗೆ?"

"ಶಾಂತಿಲಾಲಗ."

ಮಹಾರುದ್ರಪ್ಪನವರು ಇಂದುಮತಿಬೇನರನ್ನು ನೋಡಿದರು. ಆಕೆ ಗಂಭೀರವಾಗಿ ತಲೆಯಾಡಿಸಿದರು. ಕೂಲರಿನೊಳಗೆ ಒಬ್ಬ ಗುಜರಾತಿ ಗಂಡಸು ಇದ್ದಾನೆಂದು ತಿಳಿದು ಅವರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಕೃಪಾ ಎದ್ದು ಬಂದು ಕೂಲರಿನೊಳಗೆ ಬಗ್ಗಿ ನೋಡಿದಳು. ಕತ್ತಲೆ, ಕಲ್ಲು, ಹುಲ್ಲು. ಬೇರೆ ಯಾರಾದರೂ ಆಗಿದ್ದರೆ ಏನೂ ಕಾಣುತ್ತಿರಲಿಲ್ಲ. ಅವಳು ದಿನವಿಡೀ ಸಾಸಿವೆಯಷ್ಟು ಹರಳಿನೊಳಗಿನ ಬಿರುಕು ಹುಡುಕುವವಳು.

"ಅರೇ," ಎಂದಳು. "ಆ ಮೂರನೇ ಕಲ್ಲು... ಕಲ್ಲು ನಹೀಂ ಹೈ. ಅದಕ್ಕೆ ಆಂಖ್ ಇದೆ."

ಚನ್ನಬಸಪ್ಪನವರ ಕೈ ನಿಂತಿತು. "ಹೌದ್ರಿ. ಕಣ್ಣು ಐತಿ. ಎಲ್ಲಾರಿಗೂ ಕಾಣಂಗಿಲ್ಲ ಅದು."

"ನನ್ನ ಕನ್ನಡ ಥೋಡಾ ಕಚ್ಚಾ ಇದೆ. ಇದು... ಹೆದರಿದೆಯಾ?"

"ಇಲ್ರಿ. ಸುಸ್ತಾಗೈತಿ. ನೀರು ಬಡೀತಿದ್ರ ಖುಷಿ ಇರತೈತಿ ಅದಕ್ಕ. ಸುಮ್ನ ನಿಂತ ನೀರಿನ್ಯಾಗ ಬ್ಯಾಸರ."

"ನನಗೂ ಹಾಗೇ," ಎಂದಳು ಕೃಪಾ. ಇಂದುಮತಿಬೇನರ ಕಡೆ ತಿರುಗಿ ಗುಜರಾತಿಯಲ್ಲಿ ಇನ್ನೊಂದು ಚೊಂಬು ಕೇಳಿದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಚೆ ಬದಿಯಲ್ಲಿ ಕುಳಿತಳು. ಅವರೊಂದು ಚೊಂಬು, ಇವಳೊಂದು ಚೊಂಬು. ಮೊದಲು ಇಬ್ಬರದ್ದೂ ಒಟ್ಟಿಗೆ ಬೀಳುತ್ತಿತ್ತು. "ನೀವು ಸುರುವಿದ ಮ್ಯಾಲ ನಾನು," ಎಂದು ಚನ್ನಬಸಪ್ಪನವರು ಸರಿಮಾಡಿದರು. ಆಮೇಲೆ ನೀರು ಕಡಿಯದೆ ಹರಿಯಿತು.

ಮಹಾರುದ್ರಪ್ಪನವರು ಬಿಡದೆ ಕೇಳುತ್ತಿದ್ದರು. "ಕುಡಿಯೋ ಚಟ?" "ಇಲ್ರಿ." "ಎಲಿ ಅಡಿಕಿ?" "ಹಬ್ಬಕ್ಕರಿ." "ಹಿಂದ ಎಷ್ಟು ಕನ್ಯಾ ನೋಡೀರಿ?" ಇಲ್ಲಿ ಚನ್ನಬಸಪ್ಪನವರಿಗೆ ಜೋರು ಕೆಮ್ಮು ಬಂತು. "ಹನ್ನೊಂದು. ಎಲ್ಲಾರೂ ಬ್ಯಾಡ ಅಂದರು," ಎಂದರು. "ಯಾಕ?" "ನನ್ನ ಹಂತ್ಯಾಕ ಮಾತಾಡಾಕ ಏನೂ ಇಲ್ಲ ಅಂದರು." ಅಲ್ಲಿಗೆ ಕೃಪಾ ನಗಲು ಶುರುಮಾಡಿದಳು. ಚೊಂಬಿನ ನೀರು ತಪ್ಪಿ ಅಪ್ಪನ ಬೂಟಿಗೆ ಬಿತ್ತು.

ನಾನು ವೈರ್ ಹಿಡಿದು ಬಂದಾಗ ಕಂಡದ್ದು: ಗಂಡು ಹೆಣ್ಣು ಇಬ್ಬರೂ ತೊಯ್ದು ತೊಪ್ಪೆ, ಭಾವೀ ಮಾವ ಬೂಟು ಕಳಚಿ ಬರಿಗಾಲಿನಲ್ಲಿ, ಇಂದುಮತಿಬೇನ್ ಮೆತ್ತಗಾದ ಖಾಖರಾ ಹಂಚುತ್ತಾ. ನಾನು ಫ್ಯೂಸ್ ಕಟ್ಟಿದೆ. ಅವಸರದಲ್ಲಿ ತೆಳ್ಳನೆ ವೈರ್ ಹಾಕಿದ್ದರಿಂದ ಅದು ಮತ್ತೆ ಹೋಯಿತು. ಚನ್ನಬಸಪ್ಪನವರು ದೊಡ್ಡ ಪಂಪನ್ನು ಬಿಚ್ಚಿ ಹಳೆಯದನ್ನೇ ಕೂರಿಸಿದರು. ಅದಕ್ಕೊಂದು ಕೊಳವೆಯ ಮೂತಿ ಕಿರಿದು ಮಾಡಿ ನೀರು ಒಂದೇ ಕಡೆ ರಭಸವಾಗಿ ಬೀಳುವಂತೆ ಮಾಡಿದರು. ತುಂತುರು ನಿಂತಿತು. ಶಾಂತಿಲಾಲ್ ಆ ಧಾರೆಯ ಕೆಳಗೆ ಹೋಗಿ ಕಚ್ಚಿಕೊಂಡಿತು. "ಮೊದಲೇ ಹಿಂಗ ಮಾಡಬೇಕಿತ್ತು," ಎಂದರು ಚನ್ನಬಸಪ್ಪನವರು.

ಹದಿನೈದು ದಿನ ಸೂರತ್ತಿನಿಂದ ಸುದ್ದಿಯಿಲ್ಲ. ಹನ್ನೆರಡನೆಯದೂ ಹೋಯಿತು ಎಂದುಕೊಂಡೆವು. ಹದಿನಾರನೆಯ ದಿನ ಇಂದುಮತಿಬೇನರ ಫೋನಿಗೆ ಕೃಪಾಳ ಕರೆ ಬಂತು. ಮೇಲೆ ಹೋಗಿ ಕರೆದು ತಂದರು. "ಅಪ್ಪಾಜಿಗೆ ನೀವು ಪಾಗಲ್ ಅಂತ ಅನ್ನಿಸ್ತು," ಎಂದಳಂತೆ. "ನಾನು ಹೇಳಿದೆ, ಪಾಗಲ್ ಹೌದು, ಆದರೆ ಖೋಟಾ ಅಲ್ಲ. ಅವರಿಗೆ ಎರಡು ವಾರ ಹಿಡೀತು ತಿಳಿಯೋಕೆ. ನಿಮಗೆ ನಾನು ಹೇಗೆ ಅನ್ನಿಸ್ತೀನಿ?"

ಚನ್ನಬಸಪ್ಪನವರಿಗೆ ಕೆಮ್ಮು ಬರಲಿಲ್ಲ. ಮಾತೂ ಬರಲಿಲ್ಲ. ಇಂದುಮತಿಬೇನ್ ಕಾದು ಕಾದು ಫೋನು ಕಸಿದುಕೊಂಡು, "ಇವನಿಗೆ ಒಪ್ಪಿಗೆ. ನನಗೂ ಒಪ್ಪಿಗೆ," ಎಂದು ಇಟ್ಟುಬಿಟ್ಟರು.

ದೀಪಾವಳಿಗೆ ಮುಂಚೆ ಸೂರತ್ತಿನಲ್ಲಿ ಮದುವೆಯಾಯಿತು. ಕೃಪಾ ಕೆಲಸ ಬಿಡಲಿಲ್ಲ. ಇವರೇ ಸೂರತ್ತಿಗೆ ಹೋದರು. ಬಣ್ಣದ ಕಾರ್ಖಾನೆಗಳಲ್ಲಿ ಪಂಪುಗಳಿಗೇನೂ ಬರವಿಲ್ಲ, ಮಾವನೇ ಒಂದು ಕಡೆ ಸೇರಿಸಿದರು. ಹೊರಡುವ ದಿನ ಶಾಂತಿಲಾಲನನ್ನು ಒಯ್ಯಲು ಚನ್ನಬಸಪ್ಪನವರು ಡಬ್ಬಿ ತೊಳೆದು ತಂದರು. ಇಂದುಮತಿಬೇನ್ ಕೂಲರಿನ ಮುಂದೆ ಅಡ್ಡ ನಿಂತರು.

"ನೀನು ಬಾಡಿಗೆಯವನು, ಹೋಗು. ಅವನು ಎಲ್ಲಿಗೂ ಬರುವುದಿಲ್ಲ. ಸೂರತ್ತಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಯಾರು ಕೊಡುತ್ತಾರೆ?"

ಚನ್ನಬಸಪ್ಪನವರು ಡಬ್ಬಿಯನ್ನು ಪಕ್ಕಕ್ಕಿಟ್ಟರು. ಪಂಪಿಗೆ ಎಣ್ಣೆ ಬಿಟ್ಟು, ಜಾಲರಿ ತೊಳೆದು, ಯಾವ ತಿಂಗಳು ಏನು ಮಾಡಬೇಕೆಂದು ಗೋಡೆಗೆ ಒಂದು ಹಾಳೆ ಅಂಟಿಸಿದರು. ರೈಲಿನಲ್ಲಿ ನಡೆದದ್ದನ್ನು ಕರೆದೊಯ್ಯಲು ಬಂದಿದ್ದ ಕೃಪಾ ಹೇಳುತ್ತಾಳೆ. ಭರೂಚ್ ದಾಟಿ ನರ್ಮದೆಯ ಸೇತುವೆಯ ಮೇಲೆ ಬಗ್ಗಿ ನೋಡಿ, "ಏನು ನೀರು" ಎಂದರಂತೆ, ಅಷ್ಟೇ.

ನಾನು ಮರುವರ್ಷ ವರಾಛಾದ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಎರಡು ಕೋಣೆ. ಕೃಪಾಳ ಕನ್ನಡ ಈಗ ಪೂರ್ತಿ ರಾಣೇಬೆನ್ನೂರಿನದು, ಆದರೆ ಗುಜರಾತಿ ರಾ‍ಗದಲ್ಲಿ. "ಯಾಕೋ ಆಕಾಶ್, ಅರ್ಧಕ್ಕ ಎದ್ದೀ? ಇನ್ನೊಂದು ರೊಟ್ಟಿ ಹಾಕ್ಕೋ ನೀ" ಎಂದು ನನ್ನನ್ನು ಗದರಿದಳು. ಅಡುಗೆಮನೆಯಲ್ಲಿ ಪಲ್ಯಕ್ಕೆ ಈರುಳ್ಳಿಯ ಒಗ್ಗರಣೆ ಹಾಕಿದವರು ಚನ್ನಬಸಪ್ಪನವರೇ. ಅವರು ಊಟದುದ್ದಕ್ಕೂ ಮಾತಾಡಿದರು: ಹೊಸ ಪಂಪುಗಳ ಬಗ್ಗೆ, ತಾಪಿ ನದಿಯ ಬಗ್ಗೆ, ಹರಳಿನೊಳಗೆ ಬಿರುಕು ಹೇಗೆ ಹುಡುಕುತ್ತಾರೆ ಎಂಬುದರ ಬಗ್ಗೆ. ನಾನು ಅವರ ಬಾಯಲ್ಲಿ ಒಟ್ಟಿಗೆ ಅಷ್ಟು ಮಾತು ಕೇಳಿರಲಿಲ್ಲ. ಊಟ ಮುಗಿದ ಮೇಲೆ ಇಬ್ಬರೂ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ದಾರಿಯಲ್ಲಿ ಕಬ್ಬಿನಹಾಲು ಕುಡಿದೆವು. ರೈಲು ಹೊರಟ ಮೇಲೂ ಅವರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಏನನ್ನೋ ವಾದಿಸುತ್ತಿದ್ದರು.